ಮಾವನ ಹೊಲದಲ್ಲಿ ಆನೆ ಹಿಂಡು

‘ಆನೆ ನೋಡೋಕೂ ದುಡ್ಡು ಕೊಟ್ಟು ಹೋಗ್ಬೇಕೇನಪ್ಪಾ? ನಮ್ಮ ಕಾಲದಲ್ಲಿ ಅವು ಬರದೇ ಇರಲಿ ಅಂತ ಮಾರಮ್ಮನಿಗೆ ಹರಕೆ ಹೊರ್ತಿದ್ವಿ!’

ನಾಗರಹೊಳೆಯ ಸಫಾರಿಗೆ ಬರುವಿರಾ ಎಂದು ಕೇಳಿದಾಗ ನನ್ನ ಸೋದರಮಾವ ಕೊಟ್ಟ ಉತ್ತರವಿದು. ಮಾವನಿಗೆ ಎಪ್ಪತ್ತೆಂಟು ವರ್ಷ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದವರು. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದು ಹೊಳೆ ಹಿನ್ನೀರಾದಾಗ ಹಲವು ಹಳ್ಳಿಗಳ ಜೊತೆ ಅವರ ಊರೂ ಮುಳುಗಿತು. ಅಲ್ಲಿಂದ ಗಂಟುಮೂಟೆ ಕಟ್ಟಿದವರು ಮತ್ತೆ ಆ ದಿಕ್ಕಿಗೆ ತಲೆ ಹಾಕಿರಲಿಲ್ಲ. ‘ನೀರು ನೋಡೋಕೆ ಯಾಕೆ ಹೋಗ್ಲಿ?’ ಎನ್ನುತ್ತಿದ್ದರು.

2024ರ ಏಪ್ರಿಲ್ ಕೊನೆಯಲ್ಲಿ, ಮೊಮ್ಮಗಳ ಹಟಕ್ಕೆ ಕಟ್ಟುಬಿದ್ದು ಅಂತೂ ಹೊರಟರು. ಮೈಸೂರು ಬಿಟ್ಟು ಹ್ಯಾಂಡ್‌ಪೋಸ್ಟ್ ದಾಟಿ ಅಂತರಸಂತೆ ಸೇರುವ ಹೊತ್ತಿಗೆ ಕತ್ತಲು. ಅಲ್ಲಿಯೇ ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಕೋಳಿ ಕೂಗುವ ಮುನ್ನ ಎದ್ದು ದಮ್ಮನಕಟ್ಟೆಯ ಸಫಾರಿ ಗೇಟಿನ ಮುಂದೆ ನಿಂತೆವು.

ಇಂದು ನಾಗರಹೊಳೆ ಎಂದು ಹೆಸರಾಗಿರುವ ಈ ಕಾಡಿನ ದಕ್ಷಿಣದ ಭಾಗಕ್ಕೆ ಹಳಬರು ಹೇಳುವ ಹೆಸರು ಕಾಕನಕೋಟೆ. ಮೈಸೂರು ಅರಸರ ಕಾಲದ ಖೆಡ್ಡಾಗಳಿಂದ ಈ ಹೆಸರು ಜಗತ್ತಿಗೇ ಗೊತ್ತಾಗಿತ್ತು. ಕಾಡಾನೆಗಳನ್ನು ಸುತ್ತುವರಿದು, ತಮಟೆ ಬಡಿದು, ಬೆಂಕಿ ಹಚ್ಚಿ, ಹೊಳೆಗಿಳಿಸಿ ದೊಡ್ಡಿಗೆ ಕೂಡುವ ಆ ಸಾಹಸ ನೋಡಲು ವೈಸರಾಯರೇ ಬರುತ್ತಿದ್ದ ಕಾಲವದು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1955ರಲ್ಲಿ ಅಭಯಾರಣ್ಯವಾಗಿದ್ದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಸುಮಾರು 643 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನಲ್ಲಿ 2022ರ ಗಣತಿ ಗುರುತಿಸಿದ ಹುಲಿಗಳು 141. ಇಡೀ ರಾಜ್ಯದ ಲೆಕ್ಕ 563.

ಈ 141 ಎಂಬ ಅಂಕಿಯೇ ಸಫಾರಿಗೆ ಬರುವವರ ತಲೆ ಕೆಡಿಸುವುದು. ನಮ್ಮ ಬಸ್ಸಿನಲ್ಲಿಯೂ ಅದೇ ಕಥೆ. ಮುಂದಿನ ಸೀಟಿನ ಯುವಕರ ಕೈಯಲ್ಲಿ ಮೊಳದುದ್ದದ ಲೆನ್ಸು. ಹಿಂದೆ ಕೂತ ದಂಪತಿಗಳದು ಇದು ನಾಲ್ಕನೆಯ ಸಫಾರಿಯಂತೆ. ಹುಲಿ ಇನ್ನೂ ದರ್ಶನ ಕೊಟ್ಟಿಲ್ಲವಂತೆ. ‘ಈ ಸಲವೂ ಕಾಣದಿದ್ದರೆ ಇತ್ತ ತಲೆ ಹಾಕಲ್ಲ’ ಎಂದು ಆ ಯಜಮಾನರು ಡ್ರೈವರಿಗೆ ಎಚ್ಚರಿಕೆಯನ್ನೇ ಕೊಟ್ಟರು. ಹುಲಿ ಡ್ರೈವರ್ ಕೈಕೆಳಗಿನ ನೌಕರನೋ ಎಂಬಂತಿತ್ತು ಅವರ ಮಾತಿನ ಧಾಟಿ. ಡ್ರೈವರ್ ನಗುತ್ತಾ, ‘ಸಾರ್, ಕಾಡು ನೋಡಿ. ಹುಲಿ ಇದ್ದರೆ ಅದೇ ನಮ್ಮನ್ನ ನೋಡುತ್ತೆ’ ಎಂದ.

ಗೇಟು ದಾಟಿದ ಹತ್ತು ನಿಮಿಷಕ್ಕೆಲ್ಲ ಜಿಂಕೆಗಳು ಸಿಕ್ಕವು. ಮೊದಲ ಹಿಂಡಿಗೆ ಎಲ್ಲರೂ ಎದ್ದು ನಿಂತರು, ಎರಡನೆಯದಕ್ಕೆ ಕತ್ತು ತಿರುಗಿಸಿದರು, ಮೂರನೆಯದನ್ನು ಕೇಳುವವರಿಲ್ಲ. ಮಾವ ಮಾತ್ರ ನೋಡುತ್ತಲೇ ಇದ್ದರು. ‘ಮೇಲೆ ನೋಡು’ ಎಂದು ನನ್ನ ತೋಳು ತಿವಿದರು. ಜಿಂಕೆಗಳ ನೆತ್ತಿಯ ಮೇಲಿನ ಮರದಲ್ಲಿ ಮುಸುವಗಳ ಗುಂಪು. ಅವು ಅರ್ಧ ತಿಂದು ಎಸೆದ ಚಿಗುರು, ಕಾಯಿಗಳಿಗಾಗಿ ಜಿಂಕೆಗಳು ಕೆಳಗೆ ಕಾದಿರುತ್ತವೆ. ಪ್ರತಿಯಾಗಿ ಜಿಂಕೆಯ ಮೂಗು ಮುಸುವನಿಗೂ, ಮುಸುವನ ಕಣ್ಣು ಜಿಂಕೆಗೂ ಕಾವಲು. ಯಾರ ವಾಸನೆ ಯಾರಿಗೆ ಸಿಕ್ಕರೂ ಸುದ್ದಿ ಇಬ್ಬರಿಗೂ ತಲುಪುತ್ತದೆ.

ಬೇಸಿಗೆಯ ಕಾಡು ಚಿತ್ರಪಟದಲ್ಲಿ ಕಾಣುವಂಥ ಹಸಿರಿನದಲ್ಲ. ತೇಗ ಎಲೆ ಉದುರಿಸಿ ಬೋಳಾಗಿತ್ತು. ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನಿನಂತೆ ಬಿರಿದಿತ್ತು. ‘ಬೇಸಿಗೇಲಿ ಬಾಯಾರಿದ್ರೆ ಮತ್ತಿ ಮರಕ್ಕೆ ಕಚ್ಚು ಹಾಕಿದ್ರೆ ನೀರು ಬರುತ್ತೆ’ ಎಂದು ಮಾವ ಹೇಳಿದಾಗ ಲೆನ್ಸಿನ ಯುವಕ ಮೊದಲ ಬಾರಿಗೆ ಹಿಂದೆ ತಿರುಗಿ ನೋಡಿದ. ಡ್ರೈವರ್, ‘ತಾತ ಹೇಳೋದು ನಿಜ’ ಎಂದು ದನಿಗೂಡಿಸಿದ. ಅಲ್ಲಿಂದ ಮುಂದೆ ಮಾವನೇ ನಮ್ಮ ಗೈಡು!

ಕೆರೆಯೊಂದರ ತಿರುವಿನಲ್ಲಿ ಬಸ್ಸು ತಟ್ಟನೆ ನಿಂತಿತು. ಎಂಜಿನ್ ಆರಿಸಿದ ಡ್ರೈವರ್ ಬೆರಳನ್ನು ತುಟಿಯ ಮೇಲಿಟ್ಟ. ‘ಢಾಂಕ್...’ ಎಂದು ಒಂದು ಸದ್ದು. ಕಡವೆಯ ಎಚ್ಚರಿಕೆಯ ಕೂಗು. ಜಿಂಕೆ ಎಲೆ ಅಲುಗಿದರೂ ಕೂಗಬಹುದು. ಕಡವೆ ಕೂಗಿದರೆ ಸುಮ್ಮನೆ ಕೂಗಿರುವುದಿಲ್ಲ ಎನ್ನುತ್ತಾರೆ ಕಾಡು ಬಲ್ಲವರು. ಮತ್ತೊಮ್ಮೆ ‘ಢಾಂಕ್’. ಮುಸುವಗಳು ಖೆಕರಿಸಿದವು. ಇಪ್ಪತ್ತು ಮಂದಿಯ ಬಸ್ಸಿನಲ್ಲಿ ಉಸಿರಾಟ ಮಾತ್ರ ಕೇಳುತ್ತಿತ್ತು. ಲಂಟಾನ ಪೊದೆಯ ಆಚೆ ಏನೋ ಇದೆ, ಅದು ನಡೆಯುತ್ತಿದೆ, ಕೂಗು ಬಲಗಡೆಯಿಂದ ಎಡಗಡೆಗೆ ಸರಿಯುತ್ತಿದೆ. ಕಣ್ಣಿಗೆ ಕಾಣದ ಪ್ರಾಣಿಯೊಂದು ಕಿವಿಯಲ್ಲಿ ನಡೆದುಹೋಯಿತು. ಇಪ್ಪತ್ತು ನಿಮಿಷದ ಮೇಲೆ ಕಾಡು ಮತ್ತೆ ಮೊದಲಿನಂತಾಯಿತು. ಹುಲಿ ಹೊರಗೆ ಬರಲಿಲ್ಲ.

ಹಿಂದಿನ ಸೀಟಿನ ಯಜಮಾನರು ನಿಟ್ಟುಸಿರು ಬಿಟ್ಟರು. ನನಗೋ, ಹುಲಿ ಕಂಡಿದ್ದರೆ ಆ ಇಪ್ಪತ್ತು ನಿಮಿಷ ದಕ್ಕುತ್ತಿತ್ತೇ ಎನ್ನಿಸಿತು. ಪಟ್ಟಣದಲ್ಲಿ ನಾವು ಕಿವಿಯಿದ್ದೂ ಕೇಳದವರು. ಇಲ್ಲಿ ಒಂದು ಕೂಗಿಗೆ ಅರ್ಥವಿದೆ, ಒಂದು ಮೌನಕ್ಕೂ ಅರ್ಥವಿದೆ. ಸಫಾರಿ ಕೊಡುವ ಮೊದಲ ಲಾಭವೇ ಇದು.

ಕಾಡಿನೊಳಗಿನ ದಾರಿ ಮುಗಿದು ಬಸ್ಸು ಹಿನ್ನೀರಿನ ಬಯಲಿಗೆ ಇಳಿದಾಗ ಎಂಟು ಗಂಟೆ. ಒಮ್ಮೆಲೇ ಆಕಾಶ ತೆರೆದುಕೊಂಡಿತು. ನೀರು ಬಹುದೂರ ಹಿಂದೆ ಸರಿದು, ಬಿಟ್ಟುಹೋದ ನೆಲದ ತುಂಬ ಎಳೆ ಹುಲ್ಲು. ಐವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ. ಒಂದೊಂದರ ಮೇಲೂ ರೆಕ್ಕೆ ಹರಡಿ ಕೂತ ನೀರುಕಾಗೆ. ಹುಲ್ಲಿನ ಮೇಲೆ ಆನೆಗಳು! ನಾನು ಎಣಿಸಿದ್ದು ನಲವತ್ತೆರಡು. ಮೊಮ್ಮಗಳ ಲೆಕ್ಕದಲ್ಲಿ ನಲವತ್ತೈದು.

ಬೇಸಿಗೆಯಲ್ಲಿ ಕಬಿನಿಯ ದಂಡೆಗೆ ಆನೆಗಳು ಹೀಗೆ ಸೇರುವುದಕ್ಕೆ ಕಾರಣವಿದೆ. ಒಳಗಾಡಿನ ಕೆರೆ ಕಟ್ಟೆಗಳು ಬತ್ತಿ, ಹುಲ್ಲು ಒಣಗಿ ಹೋದಾಗ ನೀರು ಮತ್ತು ಹಸಿರು ಮೇವು ಎರಡೂ ಒಟ್ಟಿಗೆ ಸಿಗುವ ಜಾಗ ಇದು. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕು. ಹಾಗಾಗಿ ಸುತ್ತಲಿನ ಕಾಡುಗಳ ಕುಟುಂಬಗಳೆಲ್ಲ ಇಲ್ಲಿಗೆ ಬರುತ್ತವೆ. ಪ್ರತಿ ಕುಟುಂಬಕ್ಕೂ ಹಿರಿಯ ಹೆಣ್ಣಾನೆಯೇ ಯಜಮಾನಿ. ಯಾವ ವರ್ಷ ಎಲ್ಲಿ ನೀರಿತ್ತು ಎಂಬ ನೆನಪು ಆಕೆಯದು. ವಯಸ್ಸಿಗೆ ಬಂದ ಗಂಡುಗಳು ಮನೆ ಬಿಟ್ಟು ತಮ್ಮ ಪಾಡಿಗೆ ತಿರುಗುತ್ತವೆ. ನಮ್ಮೆದುರಿನ ಒಂದು ಹಿಂಡಿನಲ್ಲಿ ಕೆಲವೇ ತಿಂಗಳ ಮರಿಯೊಂದು ಸೊಂಡಿಲನ್ನು ಏನು ಮಾಡಬೇಕೆಂದು ತಿಳಿಯದೆ ಅತ್ತಿತ್ತ ಬೀಸುತ್ತಾ, ತಾನೇ ಅದನ್ನು ತುಳಿದು ಮುಗ್ಗರಿಸುತ್ತಿತ್ತು. ಬಸ್ಸಿಗೆ ಬಸ್ಸೇ ನಕ್ಕಿತು.

ಮಾವ ನಗಲಿಲ್ಲ. ಅವರ ಕಣ್ಣು ಆನೆಗಳ ಆಚೆ, ಒಂದು ದಿಬ್ಬದ ಮೇಲಿತ್ತು.

‘ಅದು ನಮ್ಮ ಮಾರಮ್ಮನ ಗುಡಿಯ ದಿಬ್ಬ ಇರ್ಬೇಕು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಲ್ಲವೋ ಏನೋ. ಹೊಳೆ ಎಡಕ್ಕಿತ್ತು’ ಎಂದರು. ಮತ್ತೆ, ‘ಹೌದು, ಅದೇ’ ಎಂದರು.

ಹಾಗಿದ್ದರೆ ಆನೆಗಳು ನಿಂತಿದ್ದ ಜಾಗ ಅವರ ರಾಗಿ ಹೊಲ. ಸುಗ್ಗಿಯ ದಿನಗಳಲ್ಲಿ ಅಟ್ಟಣೆಯ ಮೇಲೆ ಕೂತು, ರಾತ್ರಿಯಿಡೀ ಡಬ್ಬ ಬಡಿದು, ಪಂಜು ಬೀಸಿ ಆನೆಗಳನ್ನು ಓಡಿಸಿದ ಹೊಲ. ಒಂದು ವರ್ಷ ಒಂದೇ ರಾತ್ರಿಗೆ ಇಡೀ ಫಸಲು ಹೋಗಿ, ನನ್ನ ತಾಯಿಯ ಮದುವೆಯನ್ನೇ ಮುಂದಕ್ಕೆ ಹಾಕಬೇಕಾಯಿತಂತೆ. ಆನೆಯಿಂದ ಉಳಿಸಿಕೊಂಡ ಹೊಲವನ್ನು ಕಡೆಗೆ ನೀರು ತೆಗೆದುಕೊಂಡಿತು. ನೀರು ಬೇಸಿಗೆಗೊಮ್ಮೆ ಅದನ್ನು ಹಿಂದಕ್ಕೆ ಕೊಡುತ್ತದೆ, ಆದರೆ ಆನೆಗೆ.

ಬಸ್ಸು ಹೊರಡುವವರೆಗೂ ಮಾವ ಮಾತಾಡಲಿಲ್ಲ. ಕೊನೆಗೆ ಟವೆಲಿನಿಂದ ಮುಖ ಒರೆಸಿಕೊಂಡು, ‘ಹೋಗ್ಲಿ ಬಿಡು. ಹೊಲ ಬೀಳು ಬಿದ್ದಿಲ್ಲ’ ಎಂದರು.

ಸಫಾರಿಯ ಲಾಭಗಳೇನು ಎಂದು ಕೇಳಿದವರಿಗೆ ಈಚೆಗೆ ನಾನು ಈ ಮಾತನ್ನೇ ಹೇಳುತ್ತೇನೆ. ಕಾಡು ನೋಡಲು ನಾವು ತೆರುವ ಟಿಕೆಟ್ಟಿನ ದುಡ್ಡು ನಿಜವಾದ ಬೆಲೆಯಲ್ಲ. ಅದನ್ನು ತೆತ್ತವರು ಬೇರೆಯೇ ಇದ್ದಾರೆ: ಊರು ಬಿಟ್ಟ ಮಾವನಂಥವರು, ಕಾಡಿನಿಂದ ಹೊರಬಂದ ಜೇನುಕುರುಬರು, ಇಂದಿಗೂ ಕಾಡಂಚಿನಲ್ಲಿ ನಿದ್ದೆಗೆಟ್ಟು ಬೆಳೆ ಕಾಯುವ ರೈತರು. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡಾಗ, ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನೇ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಕಳುಹಿಸಿತ್ತು. ಆ ಸುದ್ದಿ ಓದಿದಾಗ ನನಗೆ ಮಾವನ ಅಟ್ಟಣೆ ನೆನಪಾಯಿತು. ಹುಲಿ ಕಾಣಲಿಲ್ಲವೆಂದು ಮುನಿಸಿಕೊಳ್ಳುವ ನಾವು, ಹುಲಿ ಕಾಣದಿರಲಿ ಎಂದು ಬೇಡುವವರೂ ಅದೇ ಗೇಟಿನ ಹೊರಗಿದ್ದಾರೆ ಎಂಬುದನ್ನು ಮರೆಯಬಾರದು.

ಹೋಗುವವರಿಗೆ ಒಂದೆರಡು ಮಾತು. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಆನೆಗಳ ಮೇಳ ನೋಡಬೇಕಿದ್ದರೆ ಮಾರ್ಚ್‌ನಿಂದ ಮೇ ಸರಿಯಾದ ಕಾಲ. ಮಳೆ ಹಿಡಿದರೆ ಹಿಂಡುಗಳು ಕಾಡಿನೊಳಗೆ ಚದುರುತ್ತವೆ. ಮಣ್ಣಿನ ಬಣ್ಣದ ಬಟ್ಟೆ ಇರಲಿ, ಸೆಂಟು ಬೇಡ. ಪ್ಲಾಸ್ಟಿಕ್ ಒಯ್ಯಬೇಡಿ. ಮೊಬೈಲ್ ಜೇಬಿನಲ್ಲಿರಲಿ, ಬಾಯಿ ಮುಚ್ಚಿರಲಿ, ಕಿವಿ ತೆರೆದಿರಲಿ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಕರೆದೊಯ್ಯಿರಿ. ಅವರಿಗೆ ಗೊತ್ತಿರುವ ಕಾಡು ನಮಗೆ ಯಾವ ಲೆನ್ಸಿನಲ್ಲೂ ಕಾಣದು.

ಮನೆಗೆ ಬಂದ ಮೇಲೆ ಮೊಮ್ಮಗಳು ಕೇಳಿದಳು: ‘ತಾತ, ಈಗ ಆನೆ ಮೇಲೆ ಸಿಟ್ಟಿಲ್ಲ ತಾನೇ?’

‘ಹಿನ್ನೀರಿನ ಹೊಲ ಅದರದೇ ಕಣವ್ವ, ಮೇಯ್ಲಿ’ ಎಂದರು ಮಾವ. ‘ಆದ್ರೆ ಈಗಿನ ಹೊಲಕ್ಕೆ ಬಂದ್ರೆ ಡಬ್ಬ ಬಡಿಯೋನೇ ನಾನು!’