ಮೈಗಿಂತ ಅಗಲವಾದ ಬಟ್ಟೆ

ಶೃಂಗೇರಿಗೆ ಸಮೀಪದ ಕಿಗ್ಗವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಮಳೆ ಬಾರದಿದ್ದಾಗ ಜನರು ಋಷ್ಯಶೃಂಗೇಶ್ವರನಿಗೆ ಮೊರೆಯಿಡುವ ಊರದು. ಆದರೆ ಮುಂಗಾರು ಹಿಡಿಯಿತೆಂದರೆ ಅಲ್ಲಿನ ಮಳೆಗೆ ಬಿಡುವೆಂಬುದಿಲ್ಲ. ಅಂತಹ ಮಳೆಯಲ್ಲಿ ದುಡಿದ ಮಲೆನಾಡಿನ ಹಿರಿಯರಿಗೆ ಆಸರೆಯಾಗಿದ್ದವು ಎರಡು: ಕಂಬಳಿಕೊಪ್ಪೆ, ಮತ್ತು ಸಸಿ ನೆಡುವ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊರುತ್ತಿದ್ದ, ಬಿದಿರು ಹಾಗೂ ಎಲೆಗಳಿಂದ ಹೆಣೆದ ಗೊರಬು.

ಕಂಬಳಿಯ ಒಂದು ತುದಿಯನ್ನು ಮಡಿಚಿ ತಲೆಯ ಮೇಲೆ ಹಾಕಿಕೊಂಡರೆ ಕೊಪ್ಪೆಯಾಯಿತು. ಅದಕ್ಕೆ ಅಳತೆಯೂ ಬೇಡ, ದರ್ಜಿಯೂ ಬೇಡ. ಕುರಿಯುಣ್ಣೆಯಲ್ಲಿ ಉಳಿದ ಜಿಡ್ಡು ಮಳೆಹನಿಯನ್ನು ಜಾರಿಸುತ್ತದೆ. ಎಳೆಗಳ ನಡುವಿನ ಗಾಳಿ ಮೈಯ ಬಿಸಿಯನ್ನು ಕಾಯುತ್ತದೆ. ಹಗಲಿನ ಆ ಕೊಪ್ಪೆಯೇ ಒಲೆಯ ಬಳಿ ಆರಿ ಇರುಳಿಗೆ ಹೊದಿಕೆಯಾಗುತ್ತಿತ್ತು. ಪಕ್ಕದಲ್ಲಿ ಮಗುವಿದ್ದರೆ ಅದಕ್ಕೂ ಒಳಗೆ ಜಾಗವಿರುತ್ತಿತ್ತು.

ಮರುಭೂಮಿಯ ಜನರೂ ಇದೇ ಜಾಣ್ಮೆಯನ್ನು ಕಂಡುಕೊಂಡರು. ಸುಡುಬಿಸಿಲಿನಲ್ಲಿ ಬೆದುಯಿನ್ ಅರಬರು ಕಪ್ಪು ನಿಲುವಂಗಿ ತೊಡುವುದೇಕೆಂದು ವಿಜ್ಞಾನಿಗಳು ಪರೀಕ್ಷಿಸಿ, 1980ರಲ್ಲಿ ಉತ್ತರ ಪ್ರಕಟಿಸಿದರು. ಕಪ್ಪು ಬಟ್ಟೆ ಹೆಚ್ಚು ಬಿಸಿಲನ್ನು ಹೀರುವುದು ನಿಜ. ಆದರೆ ಸಡಿಲವಾದ ಅಂಗಿಯೊಳಗೆ ಓಡಾಡುವ ಗಾಳಿ ಆ ಶಾಖವನ್ನು ಹೊರಗೊಯ್ಯುವುದರಿಂದ, ಬಿಳಿಯಂಗಿಯವನಿಗಿಂತ ಹೆಚ್ಚಿನ ಬಿಸಿ ಚರ್ಮಕ್ಕೆ ತಟ್ಟುವುದಿಲ್ಲ. ಚಳಿಯ ಆಂಡಿಸ್ ಪರ್ವತಗಳಲ್ಲಿಯೂ ಜನರು ತೊಡುವುದು, ನಡುವೆ ತಲೆ ತೂರಿಸಲು ಸೀಳುಳ್ಳ ಅಗಲ ಬಟ್ಟೆಯಾದ ಪಾಂಚೋವನ್ನು. ಕಾಯುವುದು ಬಟ್ಟೆಯಷ್ಟೇ ಅಲ್ಲ, ಬಟ್ಟೆಗೂ ಮೈಗೂ ನಡುವೆ ಉಳಿದ ತೆರಪು ಕೂಡ.

ಇಂತಹುದೇ ಒಂದು ವಸ್ತ್ರವನ್ನು ನಾವು ಪ್ರತಿ ಭಾನುವಾರ ಕಾಣುತ್ತೇವೆ. ಬಲಿಪೂಜೆಯಲ್ಲಿ ಗುರುಗಳು ಎಲ್ಲಕ್ಕೂ ಮೇಲೆ ಧರಿಸುವ ಅಗಲವಾದ ಪೂಜಾವಸ್ತ್ರದ ಮೂಲ, ಪ್ರಾಚೀನ ರೋಮಿನ ಜನರು ಮಳೆಗೂ ಪ್ರಯಾಣಕ್ಕೂ ಹೊದೆಯುತ್ತಿದ್ದ ಮೇಲಂಗಿ. ಅಂದರೆ ಅದು ಅವರ ಕೊಪ್ಪೆ! ಲತೀನಿನಲ್ಲಿ ಅದಕ್ಕೆ 'ಕಾಸುಲಾ', ಪುಟ್ಟ ಮನೆ, ಎಂಬ ಹೆಸರು. ಉಳಿದೆಲ್ಲ ವಸ್ತ್ರಗಳನ್ನು ಮುಚ್ಚುವುದರಿಂದ ಧರ್ಮಸಭೆ ಅದರಲ್ಲಿ ಪ್ರೀತಿಯ ಗುರುತನ್ನು ಕಂಡಿತು. ಎಲ್ಲ ಸದ್ಗುಣಗಳ ಮೇಲೆ ಪ್ರೀತಿಯನ್ನು ಧರಿಸಿಕೊಳ್ಳಿರೆಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದುದನ್ನು ನೆನೆಯಿರಿ.

ಬಡವನ ಹೊದಿಕೆಯ ಬಗ್ಗೆ ದೇವರಿಗೆ ಎಷ್ಟು ಕಾಳಜಿ ಎಂಬುದು ವಿಮೋಚನಾಕಾಂಡದ 22ನೆಯ ಅಧ್ಯಾಯದಲ್ಲಿದೆ. ನೆರೆಯವನ ಕಂಬಳಿಯನ್ನು ಒತ್ತೆಯಿಟ್ಟುಕೊಂಡರೆ ಸೂರ್ಯ ಮುಳುಗುವ ಮೊದಲೇ ಹಿಂದಿರುಗಿಸಬೇಕು. ಅವನಿಗಿರುವ ಹೊದಿಕೆ ಅದೊಂದೇ. ಅವನು ಮೊರೆಯಿಟ್ಟರೆ ದೇವರು ಕಿವಿಗೊಡುವರು.

ಇಂದು ಮಲೆನಾಡಿನ ತೋಟಗಳಲ್ಲಿ ಕೊಪ್ಪೆಯ ಬದಲು ಪ್ಲಾಸ್ಟಿಕ್ ಬಂದಿದೆ. ಬಯಲುಸೀಮೆಯಿಂದಲೂ ಅಸ್ಸಾಮಿನಿಂದಲೂ ಬಂದ ಕೂಲಿಯವರು ಅದನ್ನು ಹೊದ್ದು ನಮ್ಮ ಅಡಕೆ, ಕಾಫಿಗಾಗಿ ನೆನೆಯುತ್ತಾರೆ. ಮಳೆಗಾಲದ ಇರುಳಿನಲ್ಲಿ ಅವರ ಮಕ್ಕಳಿಗೆ ಒಣಗಿದ ಹೊದಿಕೆ ಇದೆಯೇ? ಲೈನ್‌ಮನೆಯ ಸೂರು ಸೋರುತ್ತಿದೆಯೇ? ಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಒಮ್ಮೆ ಅವರ ಬಾಗಿಲಿಗೆ ಹೋಗಿ ಕೇಳೋಣ. ನಮ್ಮ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಕಂಬಳಿಯೊಂದು ಅಂದೇ ಸಂಜೆಯೊಳಗೆ ಅಲ್ಲಿಗೆ ತಲುಪಲಿ.