ಜೀಪಿನ ಜಾಕಿಗೊಂದು ನೆಲೆ

ಶರಣಸಾಹಿತ್ಯದ ವಿಚಾರವನ್ನು ಬಿಟ್ಟು ನಾವು ಜೀಪಿನ ಜಾಕಿನ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಓದುಗ ಬಂಧುಗಳು ನಕ್ಕರೆ ನಮಗೆ ಬೇಸರವಿಲ್ಲ. ಶ್ರೀಮಠದಲ್ಲಿ ವ್ಯಾಕರಣ, ತರ್ಕ, ವಚನಶಾಸ್ತ್ರಗಳನ್ನು ಓದಿ ಬಂದವರಿಗೆ ಈ ಕಬ್ಬಿಣದ ಗೊಡವೆ ಏಕೆಂದು ನಮ್ಮ ಮನೆಯಲ್ಲಿಯೇ ಕೇಳಿದ್ದಾರೆ. ಆದರೆ ತಿಳಿಯದ ವಿಷಯದಲ್ಲಿ ತಿಳಿದವರಂತೆ ಒಂದು ಮಾತನ್ನಾಡಿ, ಅದರಿಂದ ಎರಡು ಸಂಸಾರಗಳಿಗೆ ತೊಂದರೆ ತಂದವರು ನಾವು. ಅದನ್ನು ನಾವೇ ಬರೆದಿಡುವುದು ಲೇಸೆಂದು ತೋರಿತು.

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರುಗಳನ್ನು ಒಂದೇ ಹೆದ್ದಾರಿಯು ದಾರದಲ್ಲಿ ಮಣಿ ಪೋಣಿಸಿದಂತೆ ಹಾದುಹೋಗುತ್ತದೆ. ಹಿಂದೆ ಅದಕ್ಕೆ 234 ಎಂಬ ಸಂಖ್ಯೆಯಿತ್ತು, ಈಗ 69. ಹೆದ್ದಾರಿಯ ಮೇಲೆ ಹೋಗುವವರಿಗೆ ಜೀಪೂ ಬೇಡ, ಜಾಕೂ ಬೇಡ. ಆದರೆ ಈ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಒಂದು ಊರಿನಲ್ಲಿ ಎರಡು, ಇನ್ನೊಂದರಲ್ಲಿ ಒಂದು. ಶ್ರಾವಣದಲ್ಲಿಯೂ ಕಾರ್ತಿಕದಲ್ಲಿಯೂ ಪ್ರವಚನ, ಲಿಂಗದೀಕ್ಷೆ, ಗೃಹಪ್ರವೇಶಗಳೆಂದು ಆ ಮನೆಗಳಿಗೆ ಹೋಗಬೇಕಾದರೆ ಹೆದ್ದಾರಿಯಿಂದಿಳಿದು ಕೆರೆಯ ಏರಿ, ತೋಟದ ಬದು, ಬಂಡೆಯ ನಡುವಿನ ಬಂಡಿಜಾಡು ಇವುಗಳ ಮೇಲೆಯೇ ಸಾಗಬೇಕು. ಶಿಡ್ಲಘಟ್ಟದ ಕಡೆಯ ಹಿಪ್ಪುನೇರಳೆ ಬೆಳೆಗಾರರೊಬ್ಬರು ಹಲವು ವರ್ಷಗಳಿಂದ ತಮ್ಮ ಹಳೆಯ ಮಹೀಂದ್ರ ಜೀಪನ್ನು ಈ ಸೇವೆಗೆ ಬಿಟ್ಟಿದ್ದಾರೆ. ಅವರ ಮಗನೇ ಸಾರಥಿ.

ಆ ತರುಣನಿಗೆ ಜೀಪೆಂದರೆ ಪಂಚಪ್ರಾಣ. 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭವಾದುದರಿಂದ ಮೊದಲ್ಗೊಂಡು ಅದರ ವಂಶಾವಳಿಯನ್ನೆಲ್ಲ ನಮಗೆ ಬಾಯಿಪಾಠವಾಗುವಷ್ಟು ಸಲ ಹೇಳಿದ್ದಾನೆ. ಅವನು ಬೆಂಗಳೂರಿನಿಂದ ಒಂದು ಉದ್ದನೆಯ ಜಾಕನ್ನು ಕೊಂಡುತಂದ. ಹೈಲಿಫ್ಟ್ ಎಂದು ಅದರ ಹೆಸರು. ಸಾಮಾನ್ಯ ಜಾಕಿನಂತೆ ಗಿಡ್ಡದಲ್ಲ. ನಾಲ್ಕು ಅಡಿಯ ಉಕ್ಕಿನ ಕಂಬ, ಅದರುದ್ದಕ್ಕೂ ತೂತುಗಳು, ಕೆಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪಾದ, ಒಂದು ಹಿಡಿ. ಹಿಡಿಯನ್ನು ಒತ್ತಿದಂತೆಲ್ಲ ಎರಡು ಸಣ್ಣ ಗೂಟಗಳು ಒಂದಾದಮೇಲೊಂದು ಮೇಲಿನ ತೂತಿಗೆ ಸೇರುತ್ತ, ಭಾರವನ್ನು ಹೊತ್ತ ನಾಲಗೆಯನ್ನು ಕಂಬದ ಮೇಲೆ ಹತ್ತಿಸುತ್ತವೆ. ತೂಕ ಸುಮಾರು 13 ಕಿಲೋ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬ ಊರಿನಲ್ಲಿ 1905ರಿಂದ ಇದು ತಯಾರಾಗುತ್ತಿದೆ. ಅಲ್ಲಿಯ ರೈತರು ಇದರಿಂದ ಬೇಲಿಯ ಗೂಟಗಳನ್ನೂ ಕೀಳುತ್ತಿದ್ದರಂತೆ. ಒಕ್ಕಲುಮಗನ ಉಪಕರಣವೆಂದು ತಿಳಿದಮೇಲೆ ನಮಗೂ ಅದರ ಮೇಲೆ ಗೌರವ ಹುಟ್ಟಿತು.

ತರುಣನು ಅದನ್ನು ಜೀಪಿನೊಳಗೆ ಹಿಂದಿನ ಎರಡು ಉದ್ದ ಪೀಠಗಳ ನಡುವೆ ನೆಲದ ಮೇಲೆ ಇಟ್ಟಿದ್ದನು. ಕಟ್ಟಿರಲಿಲ್ಲ. ಒಮ್ಮೆ ಗೌರಿಬಿದನೂರಿನ ದಾರಿಯಲ್ಲಿ ಕುರಿಯ ಹಿಂಡೊಂದು ಅಡ್ಡ ಬಂದಿತು. ಅವನು ಬ್ರೇಕನ್ನು ಬಲವಾಗಿ ಒತ್ತಿದನು. ಜಾಕು ಹಿಂದಿನಿಂದ ಜಾರಿಬಂದು ನಮ್ಮ ಹಿಮ್ಮಡಿಯನ್ನು ಸೀಳಿತು. ಆ ಕಲೆ ಇಂದಿಗೂ ಇದೆ. ನೋವಿನ ಜೊತೆಗೆ ನಮಗೆ ಕೋಪವೂ ಬಂದಿತು. ಗ್ರಂಥದ ಕಟ್ಟುಗಳನ್ನಿಡಲು ಸ್ಥಳ ಸಾಲದೆಂಬ ದೂರು ಮೊದಲಿನಿಂದಲೂ ಇತ್ತು. "ಇದನ್ನು ಹೊರಗೆ ಹಾಕಿಸಪ್ಪಾ. ಎಡಗಡೆ ಮೈಯಿಗೆ ಬೋಲ್ಟು ಹಾಕಿಸಿ ನಿಲ್ಲಿಸು, ಒಳಗೆ ಬೇಡ," ಎಂದು ಹೇಳಿಬಿಟ್ಟೆವು. ಎಡಗಡೆಯೇ ಏಕೆಂದರೆ ಬಲಗಡೆ ಅವನು ಇಳಿದು ಹತ್ತುವ ಕಡೆ. ಅದಕ್ಕಿಂತ ಹೆಚ್ಚಿನ ಆಲೋಚನೆ ನಮಗೆ ಇರಲಿಲ್ಲ. ಅವನು ತಲೆ ಕೆರೆದುಕೊಂಡು, "ಆಗಲಿ ಬುದ್ಧಿ," ಎಂದನು. ನಾವಲ್ಲದೆ ಬೇರೆ ಯಾರಾದರೂ ಹೇಳಿದ್ದರೆ ಅವನು ವಾದಿಸುತ್ತಿದ್ದನು. ನಮ್ಮ ಮಾತನ್ನು ಮೀರಲಿಲ್ಲ, ತೊಡಕು ಬಂದದ್ದು ಅಲ್ಲಿಯೇ. ಪೀಠದ ಮೇಲೆ ಕುಳಿತು ಉಪದೇಶ ಮಾಡುವವನ ಮಾತಿಗೆ, ಅವನು ಅರಿಯದ ವಿಷಯದಲ್ಲಿಯೂ ಜನ ತಲೆಬಾಗುತ್ತಾರೆ.

2021ರ ನವೆಂಬರಿನಲ್ಲಿ ಈ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ಇಲ್ಲಿಯವರು ಮರೆತಿರಲಾರರು. ಎಷ್ಟೋ ವರ್ಷ ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿ ಕೋಡಿ ಹರಿದುವು. ಆ ಕಾರ್ತಿಕದ ಒಂದು ಸೋಮವಾರ ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದೀಪೋತ್ಸವ ಮುಗಿಸಿಕೊಂಡು ಶಿಡ್ಲಘಟ್ಟಕ್ಕೆ ಹಿಂದಿರುಗುತ್ತಿದ್ದೆವು. ತರುಣನ ಅಜ್ಜಿಯೂ ಜೊತೆಗಿದ್ದರು. ಎಪ್ಪತ್ತೆಂಟರ ವಯಸ್ಸು, ಸಕ್ಕರೆಕಾಯಿಲೆ. ಕತ್ತಲಾಗಿತ್ತು. ಕೋಡಿಯ ನೀರು ಹರಿದು ಮೆತ್ತಗಾಗಿದ್ದ ಏರಿಯ ಪಕ್ಕದ ದಾರಿಯಲ್ಲಿ ಎಡಗಡೆಯ ಚಕ್ರಗಳೆರಡೂ ಮೆಲ್ಲಗೆ, ಬಹಳ ಮೆಲ್ಲಗೆ, ಕಾಲುವೆಗೆ ಇಳಿದುವು. ಜೀಪು ವಾಲಿ, ಕಾಲುವೆಯ ಆಚೆ ದಡಕ್ಕೆ ಎಡಮೈಯನ್ನು ಒರಗಿಸಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ತರುಣನು ಧೈರ್ಯವಾಗಿಯೇ, "ಹೆದರಬೇಡಿ ಬುದ್ಧಿ, ಜಾಕಿದೆ," ಎಂದು ಹೇಳಿ ಇಳಿದನು.

ಜಾಕೇನೋ ಇತ್ತು. ಜೀಪಿನ ಮೈಯಿಗೂ ದಡದ ಮಣ್ಣಿಗೂ ನಡುವೆ ಸಿಕ್ಕಿ, ಬೋಲ್ಟಿಗೆ ಬೆರಳು ಕೂಡ ತಾಗದಂತೆ ಅದುಮಿಕೊಂಡಿತ್ತು. ಅದನ್ನು ತೆಗೆಯಬೇಕಾದರೆ ಜೀಪನ್ನು ಎತ್ತಬೇಕು, ಜೀಪನ್ನು ಎತ್ತಬೇಕಾದರೆ ಅದನ್ನು ತೆಗೆಯಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ವಿದ್ಯಾರ್ಥಿದೆಸೆಯಲ್ಲಿ ಇದಕ್ಕೆ ಉದಾಹರಣೆ ಹೊಳೆಯದೆ ಗುರುಗಳಿಂದ ಬೈಸಿಕೊಂಡದ್ದು ನಮಗೆ ಆ ಕತ್ತಲಲ್ಲಿ ನೆನಪಾಯಿತು. ಪೀಠದ ಕೆಳಗಿದ್ದ ಗಿಡ್ಡ ಜಾಕನ್ನು ಹಾಕಿದರೆ ಜೀಪು ಮೇಲೇಳುವ ಬದಲು ಜಾಕೇ ಕೆಸರಿನೊಳಕ್ಕೆ ಇಳಿಯಿತು.

ಅಷ್ಟರಲ್ಲಿ ಅಜ್ಜಿಯವರ ಮಾತು ತೊದಲಿತು. ಮಾತ್ರೆ ನುಂಗಿ ಊಟಕ್ಕೆ ಹೊತ್ತಾಗಿತ್ತು. ಚಳಿಯಲ್ಲಿಯೂ ಹಣೆ ಬೆವರಿ ಕೈ ನಡುಗುತ್ತಿತ್ತು. ಸಕ್ಕರೆ ಏರಿದರಷ್ಟೇ ಅಲ್ಲ, ಇಳಿದರೂ ಅಪಾಯವೆಂಬುದು ನಮಗೆ ತಿಳಿದಿತ್ತು. ನಮ್ಮ ಹೆಗಲಚೀಲದಲ್ಲಿ ದೀಪೋತ್ಸವದ ಪ್ರಸಾದವಾಗಿ ಬಂದ ಕಲ್ಲುಸಕ್ಕರೆಯಿತ್ತು. ಕೈಯಿಟ್ಟೊಡನೆ ಸಿಕ್ಕಿತು. ಪುಡಿಮಾಡಿ ಬಾಯಿಗೆ ಹಾಕಿ ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡು, "ಜೀಪು ಎದ್ದಿತೇ ಬುದ್ಧಿ?" ಎಂದು ಕೇಳಿದರು. ಇಲ್ಲವೆಂದೆವು. ಆ ಕಾಲು ಗಂಟೆ ನಮಗೆ ಬಹಳ ದೀರ್ಘವಾಗಿತ್ತು.

ದೂರದಲ್ಲಿ ಒಂದು ಹುಳುಮನೆಯ ದೀಪ ಕಾಣುತ್ತಿತ್ತು. ತರುಣನು ಓಡಿಹೋಗಿ ನಾಲ್ವರನ್ನು ಕರೆತಂದನು. ಅವರ ಮನೆಯಲ್ಲಿ ಅಂದು ಹುಳು ಹಣ್ಣಾಗಿದ್ದುವು. ರೇಷ್ಮೆ ಸಾಕಿದವರಿಗೆ ಅದರ ಅರ್ಥವನ್ನು ಹೇಳಬೇಕಾಗಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಹೊತ್ತಿಗೆ ಸರಿಯಾಗಿ ಚಂದ್ರಂಕಿಗೆ ಬಿಡದಿದ್ದರೆ ಅದು ತಟ್ಟೆಯಲ್ಲಿಯೇ ನೂಲು ಚೆಲ್ಲಿಬಿಡುತ್ತದೆ. ತಿಂಗಳ ದುಡಿಮೆ ಆ ಒಂದು ರಾತ್ರಿಯ ಮೇಲೆ ನಿಂತಿರುತ್ತದೆ. ಆ ಕೆಲಸವನ್ನು ಹೆಂಗಸರಿಗೆ ಬಿಟ್ಟು ಗಂಡಸರೆಲ್ಲ ಹಾರೆ ಗುದ್ದಲಿ ಹಿಡಿದು ಬಂದರು, ದಡವನ್ನು ಅಗೆದರು, ಕೊನೆಗೆ ಟ್ರ್ಯಾಕ್ಟರ್ ತಂದು ಎಳೆದರು. ಎರಡು ಗಂಟೆಗೂ ಮೀರಿ ಹಿಡಿಯಿತು. ವಾರದ ಮೇಲೆ ನಾವು ಹೋಗಿ ಕೇಳಿದಾಗ ಯಜಮಾನರು, "ಅಷ್ಟೋ ಇಷ್ಟೋ ಹೋಯಿತು, ಬಿಡಿ ಸ್ವಾಮಿ," ಎಂದರಷ್ಟೆ. ಎಷ್ಟೆಂದು ಹೇಳಲಿಲ್ಲ. ಕಾಫಿ ಕೊಟ್ಟರು.

ಚಿಂತಾಮಣಿಯಲ್ಲಿ ಒಬ್ಬ ವೃದ್ಧ ಮೇಸ್ತ್ರಿಗಳಿದ್ದಾರೆ, ಸಾಹೇಬರು. ಐವತ್ತು ವರ್ಷ ಜೀಪುಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವರು. ತರುಣನೊಡನೆ ಅವರ ಗ್ಯಾರೇಜಿಗೆ ಹೋಗಿ, ಈ ಸಲ ಹೇಳುವುದಕ್ಕಲ್ಲದೆ ಕೇಳುವುದಕ್ಕೆ ಕುಳಿತೆವು. ತರುಣನ ಮನಸ್ಸೆಲ್ಲ ಬಾನೆಟ್ಟಿನ ಮೇಲಿತ್ತು. ಚಿತ್ರಗಳಲ್ಲಿ ಹಾಗೆ ನೋಡಿದ್ದನು. ಮೇಸ್ತ್ರಿಗಳು ಬಾನೆಟ್ಟಿನ ತಗಡನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಹದಿಮೂರು ಕಿಲೋ ಅದರ ಮೇಲೆ ದಿನವೂ ಕುಣಿದರೆ ತಗಡು ಬಿರಿಯುತ್ತದೆ, ಕೊಂಡಿ ಸಡಿಲವಾಗುತ್ತದೆ. ಅಲ್ಲದೆ ಹಳ್ಳಿಯಲ್ಲಿ ಮೊಣಕಾಲೆತ್ತರದ ಮಗು ಮುಂದೆ ನಿಂತರೆ ಓಡಿಸುವವನಿಗೆ ಕಾಣುವುದಿಲ್ಲ. ಕೊನೆಯ ಮಾತಿಗೆ ತರುಣನು ಸುಮ್ಮನಾದನು. ಮುಂದಿನ ಬಂಪರಿಗೆ ಕಟ್ಟಿದರೆ ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡಿ. ದಾರಿಹೋಕನಿಗೆ ತಗುಲಿದರೆ ಅವನ ಮೂಳೆ ಉಳಿಯದು. ಮುಂಭಾಗದಲ್ಲಿ ಕಬ್ಬಿಣದ ಕಾವಲುಪಟ್ಟಿಗಳನ್ನು ಹಾಕುವುದು ಕಾನೂನಿಗೆ ವಿರುದ್ಧವೆಂದು 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯವು ರಾಜ್ಯಗಳಿಗೆ ತಿಳಿಸಿದ್ದುದೂ ಈ ಕಾರಣದಿಂದಲೇ. ಛಾವಣಿಯ ಮಾತಂತೂ ಬರಲೇ ಇಲ್ಲ. ನಮ್ಮದು ಕ್ಯಾನ್ವಾಸಿನ ಛಾವಣಿ. ಗಟ್ಟಿ ಛಾವಣಿಯಿದ್ದವರೂ ಭಾರವನ್ನು ತಲೆಯ ಮೇಲೆ ಹೊರಿಸಿದಷ್ಟು ವಾಹನ ಬೇಗ ಮಗುಚುತ್ತದೆಂಬುದನ್ನು ನೆನೆಯಬೇಕು. ಹಿಂದಿನ ಬಾಗಿಲಿನ ಸ್ಟೆಪ್ನಿಯ ಜೊತೆಗೆ ಸೇರಿಸುವವರು ಬಹಳ. ಆದರೆ ಆ ಕೀಲುಗಳು ಹೊರುವುದು ಒಂದು ಚಕ್ರದ ಭಾರವನ್ನಷ್ಟೆ; ಮೇಲೊಂದು ಸೇರಿದರೆ ಬಾಗಿಲು ಜೋತುಬೀಳುತ್ತದೆ. ಚಕ್ರವು ಎರಚುವ ಕೆಸರೆಲ್ಲ ಜಾಕಿನ ಗೂಟಗಳಿಗೆ ಮೆತ್ತಿಕೊಂಡು, ಬೇಕಾದ ದಿನ ಅದು ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.

"ಹಾಗಾದರೆ ಎಲ್ಲಿ ಸಾಹೇಬರೆ?" ಎಂದೆವು.

"ಮೊದಲು ಎಲ್ಲಿತ್ತೋ ಅಲ್ಲೇ ಸ್ವಾಮಿ, ಒಳಗೇ. ಹುಡುಗನ ತಪ್ಪು ಒಳಗೆ ಇಟ್ಟದ್ದಲ್ಲ, ಕಟ್ಟದೆ ಇಟ್ಟದ್ದು."

ನಮ್ಮ ತಪ್ಪನ್ನು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅವರು ಮಾಡಿಕೊಟ್ಟ ಏರ್ಪಾಡು ಹೀಗಿದೆ. ಹಿಂದಿನ ಹಲಗೆಬಾಗಿಲಿಗೆ ಅಂಟಿದಂತೆ, ಜೀಪಿನ ಅಗಲಕ್ಕೆ ಅಡ್ಡಲಾಗಿ, ನೆಲದ ತಗಡಿನ ಮೂಲಕ ಕೆಳಗಿನ ಚಾಸಿಸ್ಸಿನ ಅಡ್ಡಪಟ್ಟಿಗೆ ಎರಡು ಕಡೆ ಬಿಗಿದ ಉಕ್ಕಿನ ಹಿಡಿಕೆಗಳು. ಬರಿಯ ತಗಡಿಗೆ ಬಿಗಿದರೆ ಉರುಳಿದಾಗ ತಗಡನ್ನು ಹರಿದುಕೊಂಡು ಜಾಕು ಹಾರಿಬರುತ್ತದಂತೆ. ಹಿಡಿಕೆಯ ಒಳಗೆ ಹಳೆಯ ಟ್ಯೂಬಿನ ರಬ್ಬರು, ಗಡಗಡ ಸದ್ದಾಗದಿರಲು. ಪಾನೆ ಬೇಡದೆ ಕೈಯಿಂದಲೇ ತಿರುಗಿಸಿ ಬಿಚ್ಚುವ ಕಿವಿಯುಳ್ಳ ನಟ್ಟುಗಳು. ಜೀಪು ಎಡಕ್ಕೆ ವಾಲಲಿ ಬಲಕ್ಕೆ ವಾಲಲಿ, ಹಿಂದಿನಿಂದಲೂ ಒಳಗಿನಿಂದಲೂ ಕೈಗೆ ಸಿಕ್ಕುತ್ತದೆ. ಭಾರವು ತಳದಲ್ಲಿಯೇ ಇರುತ್ತದೆ, ಕೆಸರು ತಾಗುವುದಿಲ್ಲ. ಗೂಟಗಳಿರುವ ಭಾಗಕ್ಕೆ ತರುಣನ ತಾಯಿ ಹಳೆಯ ಟಾರ್ಪಾಲಿನಲ್ಲಿ ಒಂದು ಗವಸನ್ನು ಹೊಲಿದುಕೊಟ್ಟರು. ಶರಣರು ಇಷ್ಟಲಿಂಗವನ್ನು ಗುಡಿಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಇರಿಸದೆ ಅಂಗದ ಮೇಲೆಯೇ ಧರಿಸಬೇಕೆಂದುದು ನಮಗೆ ನೆನಪಾಗದೆ ಇರಲಿಲ್ಲ. ಆದರೆ ಲಿಂಗವೆಲ್ಲಿ, ಜಾಕೆಲ್ಲಿ, ಹೋಲಿಕೆ ಇಲ್ಲಿಗೆ ಸಾಕು.

ನಮ್ಮ ಗ್ರಂಥದ ಕಟ್ಟುಗಳಿಗೆ ಸ್ಥಳ ಇನ್ನಷ್ಟು ಕಡಿಮೆಯಾಯಿತು. ಈಗ ಎರಡೇ ಗ್ರಂಥ ಒಯ್ಯುತ್ತೇವೆ. ಪ್ರವಚನಕ್ಕೆ ಅದರಿಂದ ನಷ್ಟವೇನೂ ಆದಂತಿಲ್ಲ. ಬೇಗ ಮುಗಿಯುತ್ತದೆಂದು ಹೇಳಿದವರೂ ಇದ್ದಾರೆ.

ಆ ದಿನ ಮೇಸ್ತ್ರಿಗಳು ಜಾಕನ್ನು ಉಪಯೋಗಿಸುವ ಕ್ರಮವನ್ನೂ ಎದುರಿಗೇ ನಿಲ್ಲಿಸಿ ಕಲಿಸಿದರು. ಪಾದದ ಕೆಳಗೆ ಒಂದಡಿ ಅಗಲದ ಗಟ್ಟಿ ಮರದ ಹಲಗೆ ಬೇಕೇ ಬೇಕು, ಇಲ್ಲವಾದರೆ ಮೆದು ನೆಲದಲ್ಲಿ ಅದೂ ಗಿಡ್ಡ ಜಾಕಿನ ಗತಿಯನ್ನೇ ಕಾಣುತ್ತದೆ. ಎತ್ತುವ ಮುನ್ನ ಇತರ ಚಕ್ರಗಳಿಗೆ ಕಲ್ಲು ಕೊಡಬೇಕು. ಉಕ್ಕಿನ ಬಂಪರಿಗಲ್ಲದೆ ತೆಳುವಾದ ತಗಡಿಗೆ ನಾಲಗೆಯನ್ನು ಕೊಡಬಾರದು. ಈಗಿನ ಪ್ಲಾಸ್ಟಿಕ್ ಬಂಪರಿನ ಕಾರುಗಳಿಗೆ ಈ ಜಾಕು ಸಲ್ಲುವುದೇ ಇಲ್ಲ. ಎತ್ತಿದ ವಾಹನದ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಇಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಭಾರವಿರುವಾಗ ಹಿಡಿಯನ್ನು ನಡುವೆ ಕೈಬಿಡಬಾರದು, ಅದರ ಮೇಲೆ ಮುಖ ಬಾಗಿಸಬಾರದು. ಕೈಬಿಟ್ಟ ಹಿಡಿಯು ಚಿಮ್ಮಿ ಬಂದು ದವಡೆಯನ್ನು ಮುರಿಯುತ್ತದೆ. ಹೀಗೆ ಹೇಳುತ್ತ ಮೇಸ್ತ್ರಿಗಳು ತಮ್ಮ ತುಟಿಯನ್ನೆತ್ತಿ, ಇಲ್ಲದ ಮೂರು ಹಲ್ಲುಗಳ ಜಾಗವನ್ನು ತೋರಿಸಿದರು.

2022ರಲ್ಲಿಯೂ ಮಳೆ ಬಿಡಲಿಲ್ಲ. ಆ ವರ್ಷ ಒಮ್ಮೆ ಚಿಕ್ಕಬಳ್ಳಾಪುರದ ಕಡೆ, ದ್ರಾಕ್ಷಿತೋಟದ ಪಕ್ಕದಲ್ಲಿ ಹಿಂದಿನ ಬಲಚಕ್ರ ಹೂತುಕೊಂಡಿತು. ತರುಣನು ನಟ್ಟು ತಿರುಗಿಸಿ, ಜಾಕು ತೆಗೆದು, ಹಲಗೆ ಹಾಕಿ ಎತ್ತಿ, ಚಕ್ರದ ಕೆಳಗೆ ಕಲ್ಲು ತುಂಬಿ ಇಳಿಸಿದನು. ನಾವು ದೂರದಲ್ಲಿ ನಿಂತು ನೋಡಿದೆವು, ಮಾತಾಡಲಿಲ್ಲ. ಇಪ್ಪತ್ತು ನಿಮಿಷ ಹಿಡಿಯಿತು.

ಅಜ್ಜಿಯವರು ಈಗಲೂ ನಮ್ಮೊಡನೆ ಬರುತ್ತಾರೆ. ಜಾಕಿನ ಹಿಡಿಗೆ ಅವರು ಕಲ್ಲುಸಕ್ಕರೆಯ ಒಂದು ಬಟ್ಟೆಗಂಟನ್ನು ಕಟ್ಟಿದ್ದರು. ಇರುವೆ ಹತ್ತಿ ಗೂಟಗಳೊಳಗೆ ಸೇರುತ್ತವೆಂದು ಮೇಸ್ತ್ರಿಗಳು ಆಕ್ಷೇಪಿಸಿದರು. ಈಗ ಅದನ್ನು ಒಂದು ಸಣ್ಣ ಸ್ಟೀಲು ಡಬ್ಬಿಯಲ್ಲಿ ಹಾಕಿ ಪಕ್ಕದಲ್ಲಿ ಇಟ್ಟಿದೆ, ಡಬ್ಬಿಯನ್ನೂ ಕಟ್ಟಿಯೇ ಇಟ್ಟಿದೆ.