ಸಂಗಮದ ಮೀನು

ಕಾಲೇಜು ಹುಡುಗರು ‘ಸಾಲ್ಮನ್ ಉಳಿಸಿ’ ಅಂತ ಪೋಸ್ಟರ್ ಬರೆದಿದ್ದರು. ಚೆಂದಿತ್ತು. ಆದರೆ ಅದು ನಮ್ಮ ಹೊಳೆಯದಲ್ಲ; ತಣ್ಣೀರಿನ ಮೀನು, ಕಡಲಿಂದ ಹೊಳೆಗೆ ಏರಿ ಮೊಟ್ಟೆಯಿಡುವಂಥದ್ದು. ಅಮೆರಿಕದ ಕ್ಲಾಮತ್ ನದಿಯಲ್ಲಿ ಅದರ ದಾರಿಗೆ ಅಡ್ಡವಿದ್ದ ನಾಲ್ಕು ಅಣೆಕಟ್ಟು ಕೆಡವುವ ಕೆಲಸ 2024ರಲ್ಲಿ ಮುಗಿಯಿತು. ಕೆಲವೇ ವಾರಗಳಲ್ಲಿ ಸಾಲ್ಮನ್ ಮೇಲಕ್ಕೆ ಬಂತು.

ಕೂಡಲಸಂಗಮದ ಮೆಟ್ಟಿಲ ಮೇಲೆ ಕೂತಾಗ ಅದೇ ತಲೆಯಲ್ಲಿತ್ತು. ಕೃಷ್ಣೆ, ಮಲಪ್ರಭೆ ಕೂಡುವ ಈ ನೀರು ಈಗ ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಬಸವಣ್ಣನ ಐಕ್ಯಮಂಟಪ ಮುಳುಗಬಾರದೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿದೆವು, ಸರಿಯೇ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ. ನಡುವಿನ ಮೀನಿಗೆ ಏನು ಮಾಡಿದೆವು? ನಮ್ಮ ಮಹಶೀರ್ ಕೂಡ ಮಳೆಗಾಲದಲ್ಲಿ ಏರುನೀರಿಗೆ ಈಜುವ ಜಾತಿ. ಕೆಡವಿರಿ ಅನ್ನಲಾರೆ, ಎಷ್ಟೋ ಹೊಲ ಆ ನೀರನ್ನೇ ನಂಬಿವೆ.

ಹುಡುಗರಿಗೆ ಇಷ್ಟೇ ಹೇಳಿದೆ: ಬಲೆ ಹಾಕೋರ ಹತ್ರ ಹೋಗಿ, ಯಾವ ಮೀನು ಈಗ ಬೀಳೂದಿಲ್ಲ, ಕೇಳಿ ಬರ್ರಿ.